ಮೇಲಿನ ರೆಕ್ಕೆ, ಕೆಳಗಿನ ರೆಕ್ಕೆ



ಈ ಸಂಜೆ ನಾನು ಹೇಳಬೇಕೆಂದಿರುವುದು ನೂರಾರು ಜನರನ್ನು ಹೊತ್ತು ಖಂಡದಿಂದ ಖಂಡಕ್ಕೆ ಹಾರುವ ಮಹಾವಿಮಾನಗಳ ವಿಚಾರವನ್ನಲ್ಲ. ಇಬ್ಬರೋ ನಾಲ್ವರೋ ಕುಳಿತುಕೊಳ್ಳಬಹುದಾದ, ಒಂದೇ ಎಂಜಿನ್ ಉಳ್ಳ, ಹಣ ಸಂಪಾದನೆಗಾಗಿ ಅಲ್ಲದೆ ಸ್ವಂತ ಸಂತೋಷಕ್ಕಾಗಿ ಹಾರಿಸುವ ಪುಟ್ಟ ವಿಮಾನಗಳ ವಿಚಾರವನ್ನು. ಇವುಗಳಲ್ಲಿ ಎರಡು ಜಾತಿಗಳುಂಟು. ಒಂದರಲ್ಲಿ ರೆಕ್ಕೆಯು ಮನೆಯ ಸೂರಿನಂತೆ ಕುಳಿತವರ ತಲೆಯ ಮೇಲೆ ಹಾದುಹೋಗುತ್ತದೆ. ಮತ್ತೊಂದರಲ್ಲಿ ಜಗಲಿಯಂತೆ ಅವರ ಆಸನದ ಕೆಳಗೆ ಚಾಚಿಕೊಂಡಿರುತ್ತದೆ. ಮೊದಲನೆಯದನ್ನು ಮೇಲ್ರೆಕ್ಕೆಯ ವಿಮಾನವೆಂದೂ ಎರಡನೆಯದನ್ನು ಕೆಳರೆಕ್ಕೆಯ ವಿಮಾನವೆಂದೂ ಕರೆಯೋಣ. ಒಂದನ್ನು ಹಾರಿಸಬಲ್ಲವನು ಮತ್ತೊಂದನ್ನೂ ಹಾರಿಸಲಾರನೇ ಎಂದು ನೀವು ಕೇಳಬಹುದು. ಹಾರಿಸಬಲ್ಲನು, ನಿಜ. ಆದರೆ ಒಂದರಿಂದ ಇಳಿದು ಮತ್ತೊಂದನ್ನು ಹತ್ತುವಾಗ ಅವನ ಬುದ್ಧಿಯು ಹತ್ತಿದಷ್ಟು ಬೇಗ ಅವನ ಕೈ ಹತ್ತುವುದಿಲ್ಲ. ಈ ಮಾತಿನ ಅರ್ಥವು ನನಗೆ ಐದು ಸಾವಿರ ಅಡಿಗಳ ಎತ್ತರದಲ್ಲಿ ಒಂದು ದಿನ ತಿಳಿಯಿತು. ಅದನ್ನು ಕಡೆಯಲ್ಲಿ ಹೇಳುತ್ತೇನೆ.

ನಮ್ಮ ಬೆಂಗಳೂರಿಗೆ ಈ ಎರಡು ಜಾತಿಗಳೂ ಹಳೆಯ ಪರಿಚಯದವು. 1940ರ ಕಡೆಯಲ್ಲಿ ಮೈಸೂರು ಸಂಸ್ಥಾನದ ನೆರವಿನಿಂದ ಸ್ಥಾಪಿತವಾದ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಿಂದ ಮರುವರ್ಷ ಹೊರಬಂದು ಹಾರಿದ ಹಾರ್ಲೋ ಎಂಬ ಶಿಕ್ಷಣ ವಿಮಾನವು ಕೆಳರೆಕ್ಕೆಯದು. ಡಾಕ್ಟರ್ ಘಾಟಗೆಯವರ ನೇತೃತ್ವದಲ್ಲಿ ಇಲ್ಲಿಯೇ ರೂಪುಗೊಂಡು 1951ರಲ್ಲಿ ಮೊದಲು ಹಾರಿದ ಎಚ್.ಟಿ.-2 ಸಹ ಕೆಳರೆಕ್ಕೆಯದೇ. ಅದೇ ಕಾರ್ಖಾನೆಯು 1958ರಲ್ಲಿ ಹಾರಿಸಿದ, ಆಮೇಲೆ ದೇಶದ ಹಲವು ಹಾರಾಟದ ಕ್ಲಬ್ಬುಗಳಿಗೆ ಹೋದ ಪುಷ್ಪಕವು ಮೇಲ್ರೆಕ್ಕೆಯದು. 1993ರಲ್ಲಿ ಇಲ್ಲಿಯ ರಾಷ್ಟ್ರೀಯ ವೈಮಾನಿಕ ಪ್ರಯೋಗಶಾಲೆಯವರು ಹಾರಿಸಿದ ಹಂಸವು ಮರಳಿ ಕೆಳರೆಕ್ಕೆಗೆ ಬಂದಿತು. ಜೆ. ಆರ್. ಡಿ. ತಾತಾ ಅವರು 1932ರ ಅಕ್ಟೋಬರಿನಲ್ಲಿ ಕರಾಚಿಯಿಂದ ಮುಂಬಯಿಗೆ ಅಂಚೆಯನ್ನು ತಂದ ಪುಸ್ ಮಾತ್ ವಿಮಾನವಾದರೋ ಮೇಲ್ರೆಕ್ಕೆಯದಾಗಿತ್ತು. ಹೀಗೆ ಯಾವುದು ಮೇಲು ಎಂಬ ವಾದವು ಎಂಜಿನಿಯರುಗಳಲ್ಲಿಯೇ ಇನ್ನೂ ತೀರ್ಮಾನವಾಗಿಲ್ಲ. ತೀರ್ಮಾನವಾಗುವಂಥದೂ ಅಲ್ಲವೆಂದು ನನ್ನ ಅಭಿಪ್ರಾಯ.

ಹೊರದೇಶಗಳಲ್ಲಿ ಖಾಸಗಿ ಹಾರಾಟಗಾರನ ಕೈಗೆ ಸರ್ವಸಾಧಾರಣವಾಗಿ ಸಿಕ್ಕುವ ವಿಮಾನಗಳು ಎರಡು. 1955ರಲ್ಲಿ ಮೊದಲು ಹಾರಿ ಈವರೆಗೆ ನಲವತ್ತು ಸಾವಿರಕ್ಕೂ ಹೆಚ್ಚಾಗಿ ತಯಾರಾಗಿರುವ ಸೆಸ್ನಾ 172 ಎಂಬ ಮೇಲ್ರೆಕ್ಕೆಯದು ಒಂದು. 1960ರಲ್ಲಿ ಮೊದಲು ಹಾರಿದ ಪೈಪರ್ ಚೆರೋಕಿ ಎಂಬ ಕೆಳರೆಕ್ಕೆಯದು ಮತ್ತೊಂದು. ಸೆಸ್ನಾದವರೆಲ್ಲ ಒಂದು ಮತ, ಪೈಪರಿನವರೆಲ್ಲ ಇನ್ನೊಂದು ಮತ ಎಂಬಂತೆ ವಿಮಾನನಿಲ್ದಾಣದ ಕಾಫಿಯ ಮೇಜಿನ ಸುತ್ತ ವಾಗ್ವಾದ ನಡೆಯುವುದುಂಟು. ಆದರೆ ಚೆರೋಕಿಗೆ ಮುಂಚೆ ಪೈಪರ್ ಹೆಸರನ್ನು ಲೋಕಪ್ರಸಿದ್ಧಗೊಳಿಸಿದ ಕಬ್ ಎಂಬ ಹಳದಿ ಬಣ್ಣದ ವಿಮಾನವು ಮೇಲ್ರೆಕ್ಕೆಯದೇ ಆಗಿತ್ತೆಂಬುದನ್ನೂ, ಸೆಸ್ನಾದವರು ಹೊಲಗಳಿಗೆ ಔಷಧ ಸಿಂಪಡಿಸಲು ಮಾಡಿದ ವಿಮಾನವು ಕೆಳರೆಕ್ಕೆಯದೆಂಬುದನ್ನೂ ಈ ವಾದಿಗಳು ಮರೆಯುತ್ತಾರೆ. ಅಮೆರಿಕೆಯ ಕಾನೂನು ಇವೆರಡನ್ನೂ ಒಂದೇ ವರ್ಗದಲ್ಲಿರಿಸಿದೆ. ಒಂದೇ ಎಂಜಿನ್ನಿನ, ನೆಲದ ಮೇಲಿಳಿಯುವ ವಿಮಾನಕ್ಕೆ ಪರವಾನಗಿ ಪಡೆದವನು ಬೆಳಿಗ್ಗೆ ಸೆಸ್ನಾದಲ್ಲಿ ಹಾರಿ ಮಧ್ಯಾಹ್ನ ಚೆರೋಕಿಯಲ್ಲಿ ಹಾರಲು ಕಾನೂನಿನ ಅಡ್ಡಿಯಿಲ್ಲ. ಅಡ್ಡಿಯಿರುವುದು ಬೇರೆಡೆಯಲ್ಲಿ.

ಮೊದಲನೆಯ ವ್ಯತ್ಯಾಸವು ವಿಮಾನವನ್ನು ಹತ್ತುವುದಕ್ಕೆ ಮುಂಚೆಯೇ ತೋರುತ್ತದೆ. ಸೆಸ್ನಾದ ತೊಟ್ಟಿಯಲ್ಲಿ ಪೆಟ್ರೋಲ್ ಎಷ್ಟಿದೆಯೆಂದು ಕಣ್ಣಾರೆ ನೋಡಬೇಕಾದರೆ ಏಣಿ ಹಾಕಬೇಕು ಅಥವಾ ಮೆಟ್ಟಿಲ ಮೇಲೆ ಕಾಲಿಟ್ಟು ಬೆಕ್ಕಿನಂತೆ ಮೇಲೇರಬೇಕು. ಚೆರೋಕಿಯಲ್ಲಿ ನಿಂತಲ್ಲಿಂದಲೇ ಮುಚ್ಚಳ ತೆಗೆದು ನೋಡಬಹುದು. ಆದರೆ ತೊಟ್ಟಿಯ ತಳದಲ್ಲಿ ನೀರು ಸೇರಿದೆಯೇ ಎಂದು ಪರೀಕ್ಷಿಸಲು ಮೊಣಕಾಲೂರಿ ರೆಕ್ಕೆಯಡಿಗೆ ನುಸುಳಬೇಕು. ಮಳೆ ಬಂದರೆ ಸೆಸ್ನಾ ಕೊಡೆ. ಬಿಸಿಲು ಬಂದರೆ ಚಪ್ಪರ. ಅದಕ್ಕೆ ತೆರಬೇಕಾದ ಸುಂಕವೆಂದರೆ, ಅವಸರದಲ್ಲಿ ಸುತ್ತುವವನ ಹಣೆಗೆ ರೆಕ್ಕೆಯ ಹಿಂದಣ ಅಂಚು ತಗುಲಿ ಒಂದು ಮುದ್ರೆ ಬೀಳುತ್ತದೆ. ಈ ಮುದ್ರೆಯನ್ನು ಧರಿಸದ ಸೆಸ್ನಾ ಹಾರಾಟಗಾರರು ವಿರಳ. ಚೆರೋಕಿಗೆ ಬಲಗಡೆಯಲ್ಲಿ ಮಾತ್ರ ಒಂದು ಬಾಗಿಲು. ರೆಕ್ಕೆಯ ಮೇಲೆ ಬಳಿದ ಕಪ್ಪು ಪಟ್ಟೆಯನ್ನೇ ತುಳಿದು ಹತ್ತಬೇಕು. ಸೀರೆಯುಟ್ಟವರಿಗೆ ಇದು ಸುಲಭವಲ್ಲ. ಎಡಗಡೆಯಲ್ಲಿ ಕೂರುವ ಹಾರಾಟಗಾರನು ಮೊದಲು ಒಳಗೆ ಹೋಗಬೇಕು, ಪ್ರಯಾಣಿಕನು ಆಮೇಲೆ. ಆದುದರಿಂದ ಅಪಾಯ ಬಂದಾಗ ಬಾಗಿಲು ತೆರೆಯುವ ಹೊಣೆಯು ವಿಮಾನದ ವಿದ್ಯೆಯನ್ನು ಏನೂ ಅರಿಯದ ಪ್ರಯಾಣಿಕನ ಪಾಲಿಗೆ ಬರುತ್ತದೆ. ಬಾಗಿಲಿಗೆ ಪಕ್ಕದಲ್ಲೊಂದು, ಮೇಲೊಂದು, ಹೀಗೆ ಎರಡು ಅಗುಳಿಗಳಿವೆಯೆಂದು ಅವನಿಗೆ ಹೊರಡುವ ಮುಂಚೆಯೇ ಕೈಮುಟ್ಟಿ ತೋರಿಸತಕ್ಕದ್ದು. ಸೆಸ್ನಾದಲ್ಲಿ ಎರಡು ಕಡೆಯೂ ಬಾಗಿಲಿರುವುದರಿಂದ ಅಲ್ಲಿ ಕಲಿತವನಿಗೆ ಈ ಮಾತು ನಾಲಗೆಗೆ ಬರುವುದೇ ಇಲ್ಲ.

ಆಕಾಶಕ್ಕೇರಿದ ಮೇಲೆ ತೂಗಾಟದಲ್ಲಿ ಹೇಳಿಕೊಳ್ಳುವಂಥ ಭೇದವಿಲ್ಲ. ಮೇಲ್ರೆಕ್ಕೆಯ ವಿಮಾನವು ತೂಗುದೀಪದಂತೆ ರೆಕ್ಕೆಗೆ ನೇತುಬಿದ್ದಿರುವುದರಿಂದ ಸ್ಥಿರವಾಗಿರುತ್ತದೆಂದು ಹಲವರು ವಿವರಿಸುವುದನ್ನು ಕೇಳಿದ್ದೇನೆ. ಈ ಉಪಮಾನವು ಕಿವಿಗೆ ಹಿತವಾದರೂ ಸರಿಯಲ್ಲ. ವಿಮಾನವು ಒಂದು ಪಕ್ಕಕ್ಕೆ ಓರೆಯಾಗಿ ಜಾರತೊಡಗಿದಾಗ ಗಾಳಿಯು ಒಡಲಿಗೆ ಬಡಿದು ಮೇಲಕ್ಕೂ ಕೆಳಕ್ಕೂ ಸೀಳಿಹೋಗುತ್ತದೆ. ರೆಕ್ಕೆ ಮೇಲಿದ್ದರೆ ಹಾಗೆ ಮೇಲೇರುವ ಗಾಳಿಯು ಜಾರಿದ ಕಡೆಯ ರೆಕ್ಕೆಯನ್ನು ಬುಡದಲ್ಲಿ ಎತ್ತಿಹಿಡಿದು ವಿಮಾನವನ್ನು ನೆಟ್ಟಗೆ ಮಾಡುತ್ತದೆ; ರೆಕ್ಕೆ ಕೆಳಗಿದ್ದರೆ ಪರಿಣಾಮವು ವಿರುದ್ಧ. ಈ ಕೊರತೆಯನ್ನು ತುಂಬಲೆಂದೇ ಕೆಳರೆಕ್ಕೆಗಳ ತುದಿಯನ್ನು ಹೆಚ್ಚು ಮೇಲಕ್ಕೆ ಬಾಗಿಸುತ್ತಾರೆ. ಚೆರೋಕಿಯಲ್ಲಿ ಈ ಬಾಗು ಏಳು ಡಿಗ್ರಿ. ಸೆಸ್ನಾ 172ರಲ್ಲಿ ಎರಡು ಡಿಗ್ರಿಗಿಂತ ಕಡಮೆ. ದೂರದಿಂದ ನೋಡಿದವರಿಗೆ ಒಂದು ಕೈಯೆತ್ತಿ ಹಾರೈಸುವಂತೆಯೂ ಮತ್ತೊಂದು ಕೈಚಾಚಿ ನಿಂತಂತೆಯೂ ತೋರುವುದು ಇದರಿಂದಲೇ.

ಕಣ್ಣಿನ ವಿಚಾರ ಹೀಗಲ್ಲ. ಊರನ್ನೂ ಕೆರೆಯನ್ನೂ ನೋಡಬಯಸುವವರು ಮೇಲ್ರೆಕ್ಕೆಯ ವಿಮಾನದಲ್ಲಿಯೇ ಕೂರಬೇಕು; ಭೂಮಿಯೆಲ್ಲ ಕಿಟಕಿಯ ಕೆಳಗೆ ಬಿಚ್ಚಿಟ್ಟ ಪಟದಂತಿರುತ್ತದೆ. ಆದರೆ ಹಾರಾಟಗಾರನು ಎಡಕ್ಕೆ ತಿರುಗಬೇಕೆಂದು ವಿಮಾನವನ್ನು ಓರೆಮಾಡಿದೊಡನೆಯೇ ಎಡರೆಕ್ಕೆಯು ಕೆಳಗಿಳಿದು, ತಾನು ಯಾವ ಕಡೆಗೆ ಹೋಗಬೇಕೋ ಆ ಕಡೆಯನ್ನೇ ಪರದೆಯಂತೆ ಮುಚ್ಚಿಬಿಡುತ್ತದೆ. ಇಳಿಯುವ ಮುಂಚಿನ ಕಡೆಯ ತಿರುವಿನಲ್ಲಿ ರನ್‌ವೇಯೇ ಕೆಲವು ಕ್ಷಣ ಮರೆಯಾಗುವುದುಂಟು. ಆದುದರಿಂದ ಅವನು ತಿರುಗುವ ಮುಂಚೆ ಆ ಕಡೆಯ ರೆಕ್ಕೆಯನ್ನು ಒಮ್ಮೆ ಮೇಲೆತ್ತಿ, ಅದರಡಿಯಲ್ಲಿ ನೋಡಿ, ಆಮೇಲೆ ತಿರುಗುವ ಅಭ್ಯಾಸವನ್ನು ಮಾಡಿಕೊಳ್ಳುತ್ತಾನೆ. ಕೆಳರೆಕ್ಕೆಯ ವಿಮಾನದಲ್ಲಿ ತಿರುವಿನ ಕಡೆಯ ಆಕಾಶವೆಲ್ಲ ನಿಚ್ಚಳ. ಅಲ್ಲಿ ಮರೆಯಾಗುವುದು ಕೆಳಗಿನದು. ಈಗ ಒಂದು ಸಂದರ್ಭವನ್ನು ಊಹಿಸಿಕೊಳ್ಳಿ. ಎರಡು ವಿಮಾನಗಳು ಒಂದೇ ರನ್‌ವೇಗೆ ಇಳಿಯುತ್ತಿವೆ. ಮೇಲಿರುವುದು ಕೆಳರೆಕ್ಕೆಯದು, ಕೆಳಗಿರುವುದು ಮೇಲ್ರೆಕ್ಕೆಯದು. ಮೇಲಿನವನಿಗೆ ತನ್ನ ರೆಕ್ಕೆಯಡಿಯಲ್ಲಿ ಏನಿದೆಯೆಂದು ಕಾಣದು. ಕೆಳಗಿನವನಿಗೆ ತನ್ನ ಸೂರಿನ ಮೇಲೇನಿದೆಯೆಂದು ಕಾಣದು. ಇಬ್ಬರೂ ಎಚ್ಚರದಿಂದ ಎದುರಿನ ರನ್‌ವೇಯನ್ನೇ ನೋಡುತ್ತ ಒಬ್ಬರ ಮೇಲೊಬ್ಬರು ಇಳಿಯಬಲ್ಲರು.

ಮರೆಯಾದ ಜಾಗದಿಂದ ಏನಾಗಬಹುದೆಂಬುದಕ್ಕೆ ಆಸ್ಟ್ರೇಲಿಯದಲ್ಲಿ ನಡೆದ ಒಂದು ಪ್ರಸಿದ್ಧ ಘಟನೆಯುಂಟು. 1940ರ ಸೆಪ್ಟೆಂಬರ್ 29ರಂದು ಅಲ್ಲಿಯ ವಾಯುದಳದ ಎರಡು ಆವ್ರೋ ಆನ್ಸನ್ ಶಿಕ್ಷಣ ವಿಮಾನಗಳು ನ್ಯೂ ಸೌತ್ ವೇಲ್ಸಿನ ಬ್ರಾಕಲ್ಸ್‌ಬಿ ಎಂಬ ಊರಿನ ಮೇಲೆ ಹಾರುತ್ತಿದ್ದುವು. ಅವು ಎರಡೆರಡು ಎಂಜಿನ್ನುಗಳ, ನಮ್ಮ ಪುಟ್ಟ ವಿಮಾನಗಳಿಗಿಂತ ದೊಡ್ಡವಾದ ಕೆಳರೆಕ್ಕೆಯ ವಿಮಾನಗಳು. ಎಡಕ್ಕೆ ತಿರುಗುವಾಗ ಮೇಲಿದ್ದ ಲಿಯೊನಾರ್ಡ್ ಫುಲ್ಲರ್ ಎಂಬ ತರುಣನಿಗೆ ಕೆಳಗಿದ್ದ ಜೊತೆಯ ವಿಮಾನವು ಕಣ್ಮರೆಯಾಯಿತು. ಮರುಕ್ಷಣವೇ ಇವನದು ಅದರ ಬೆನ್ನ ಮೇಲೆ ಹೋಗಿ ಕುಳಿತು ಕಚ್ಚಿಕೊಂಡಿತು. ಮೇಲಿನದರ ಎಂಜಿನ್ನುಗಳು ನಿಂತುಹೋದುವು. ಕೆಳಗಿನದರ ಎಂಜಿನ್ನುಗಳು ಪೂರ್ಣವೇಗದಲ್ಲಿ ಓಡುತ್ತಲೇ ಇದ್ದುವು. ಉಳಿದ ಮೂವರು ಪ್ಯಾರಾಶೂಟುಗಳಿಂದ ಇಳಿದರು. ಫುಲ್ಲರನು ಮಾತ್ರ ಕೆಳಗಿನ ಎಂಜಿನ್ನುಗಳ ಬಲದಿಂದಲೂ ತನ್ನ ರೆಕ್ಕೆಗಳ ಹತೋಟಿಯಿಂದಲೂ ಆ ಜೋಡಿಯನ್ನು ಐದು ಮೈಲಿಗಳಷ್ಟು ಹಾರಿಸಿಕೊಂಡು ಹೋಗಿ ಒಂದು ಹುಲ್ಲುಗಾವಲಿನಲ್ಲಿ ಇಳಿಸಿದನು. ನಾಲ್ವರೂ ಬದುಕಿದರು. ಇಂಥ ಸಾಹಸಿಯು 1944ರಲ್ಲಿ ಸೈಕಲಿನ ಮೇಲೆ ಹೋಗುತ್ತಿದ್ದಾಗ ಬಸ್ಸಿಗೆ ಸಿಕ್ಕಿ ತೀರಿಕೊಂಡನೆಂಬುದು ವಿಧಿಯ ವಿಚಿತ್ರ.

ಇಳಿಯುವುದರ ವಿಷಯವಾಗಿ ಪುಸ್ತಕಗಳು ಒಂದು ಮಾತನ್ನು ಹೇಳುತ್ತವೆ. ರೆಕ್ಕೆಯು ನೆಲಕ್ಕೆ ಸಮೀಪವಾದಷ್ಟೂ ಗಾಳಿಯ ಎಳೆತವು ಕಡಮೆಯಾಗುವುದರಿಂದ ಕೆಳರೆಕ್ಕೆಯ ವಿಮಾನವು ನೆಲ ಮುಟ್ಟಲೊಲ್ಲದೆ ರನ್‌ವೇಯುದ್ದಕ್ಕೂ ತೇಲಿಕೊಂಡು ಹೋಗುತ್ತದೆಂದು. ತತ್ತ್ವವು ಸರಿ. ಆದರೆ ಈ ಮಾತನ್ನೇ ನಂಬಿ ಮೊದಲ ಕಾಲದ, ಹಲಗೆಯಂತೆ ಸಮಚೌಕಾದ ರೆಕ್ಕೆಯ ಚೆರೋಕಿಯಲ್ಲಿ ಎಂಜಿನ್ನನ್ನು ಪೂರ್ತಿ ಇಳಿಸಿ, ಅದು ತೇಲುವುದೆಂದು ಕಾದವನಿಗೆ ಅದು ಅಕ್ಕಿಮೂಟೆಯಂತೆ ದೊಪ್ಪನೆ ಕುಳಿತು ಬೆನ್ನುಮೂಳೆಗೆ ಪಾಠ ಹೇಳುತ್ತದೆ. 1974ರಿಂದೀಚೆಗೆ ಬಂದ, ತುದಿ ಕಿರಿದಾದ ರೆಕ್ಕೆಯವು ತೇಲುತ್ತವೆ. ಅದೂ ವೇಗ ಹೆಚ್ಚಾಗಿದ್ದರೆ ಮಾತ್ರ. ಜಾತಿಯನ್ನು ಅರಿತರೆ ಸಾಲದು, ವ್ಯಕ್ತಿಯನ್ನೂ ಅರಿಯಬೇಕು. ಚೆರೋಕಿಯ ಚಕ್ರಗಳು ರೆಕ್ಕೆಗೆ ಅಂಟಿಕೊಂಡಿರುವುದರಿಂದ ಅವುಗಳ ನಡುವಣ ಅಂತರ ಹೆಚ್ಚು. ಅಡ್ಡಗಾಳಿಯಲ್ಲಿ ನೆಲದ ಮೇಲೆ ಓಡುವಾಗ ಅದು ಕಾಲಗಲಿಸಿ ನಿಂತ ಜಟ್ಟಿಯಂತೆ ಭದ್ರ. ಆದರೆ ದಾರಿಯ ಪಕ್ಕದ ಬೇಲಿಗೂಟಗಳನ್ನು ಸೆಸ್ನಾದ ರೆಕ್ಕೆ ದಾಟಿಹೋಗುವಂತೆ ಚೆರೋಕಿಯ ರೆಕ್ಕೆ ದಾಟಿಹೋಗಲಾರದು.

ಇನ್ನು ಪೆಟ್ರೋಲಿನ ವಿಚಾರ. ನನ್ನ ದೃಷ್ಟಿಯಲ್ಲಿ ಈ ಉಪನ್ಯಾಸದ ತಿರುಳೇ ಇದು.

ಸೆಸ್ನಾದಲ್ಲಿ ತೊಟ್ಟಿಗಳು ತಲೆಯ ಮೇಲಿವೆ. ಅಟ್ಟದ ಮೇಲಣ ತೊಟ್ಟಿಯಿಂದ ಬಚ್ಚಲಿಗೆ ನೀರಿಳಿಯುವಂತೆ ಪೆಟ್ರೋಲ್ ತನ್ನ ಭಾರದಿಂದಲೇ ಎಂಜಿನ್ನಿನ ಕಡೆಗೆ ಇಳಿದುಬರುತ್ತದೆ. ಕುಳಾಯಿಯನ್ನು ‘ಎರಡೂ’ ಎಂಬ ಗುರುತಿಗೆ ತಿರುಗಿಸಿಟ್ಟರೆ ಎಡತೊಟ್ಟಿಯಿಂದಲೂ ಬಲತೊಟ್ಟಿಯಿಂದಲೂ ಏಕಕಾಲದಲ್ಲಿ ಬರುತ್ತದೆ. ಒಂದು ಬರಿದಾದರೂ ಮತ್ತೊಂದು ಇಳಿಯುತ್ತಲೇ ಇರುತ್ತದೆ. ಚೆರೋಕಿಯಲ್ಲಿ ತೊಟ್ಟಿಗಳು ಎಂಜಿನ್ನಿಗಿಂತ ಕೆಳಗಿವೆ. ಪೆಟ್ರೋಲನ್ನು ಪಂಪು ಹೀರಿ ಮೇಲಕ್ಕೆ ತರಬೇಕು. ಎಳನೀರು ಕುಡಿಯುವಾಗ ಎರಡು ಕೊಳವೆಗಳನ್ನು ಬಾಯಲ್ಲಿಟ್ಟುಕೊಂಡು, ಒಂದರ ತುದಿಯನ್ನು ಎಳನೀರಿನೊಳಗೂ ಮತ್ತೊಂದರ ತುದಿಯನ್ನು ಹೊರಗೂ ಇಟ್ಟು ಹೀರಿ ನೋಡಿ: ಬಾಯಿಗೆ ಬರುವುದು ಗಾಳಿ. ಅದೇ ಕಾರಣದಿಂದ ಚೆರೋಕಿಯ ಕುಳಾಯಿಯಲ್ಲಿ ‘ಎರಡೂ’ ಎಂಬ ಗುರುತೇ ಇಲ್ಲ. ಎಡ, ಬಲ, ಬಂದ್, ಇಷ್ಟೇ. ಅರ್ಧ ಗಂಟೆಗೋ ಗಂಟೆಗೋ ಒಮ್ಮೆ ವಿದ್ಯುತ್ ಪಂಪನ್ನು ಹಾಕಿ, ಹಾರಾಟಗಾರನೇ ಕೈಯಿಂದ ಒಂದು ತೊಟ್ಟಿಯಿಂದ ಇನ್ನೊಂದಕ್ಕೆ ಬದಲಾಯಿಸತಕ್ಕದ್ದು. ಬದಲಾಯಿಸಲು ಮರೆತವನಿಗೆ ಒಂದು ರೆಕ್ಕೆಯ ತುಂಬ ಪೆಟ್ರೋಲ್ ಇದ್ದಾಗಲೇ ಎಂಜಿನ್ ನಿಲ್ಲುತ್ತದೆ.

ನಾನು ಕಲಿತದ್ದು ಸೆಸ್ನಾದಲ್ಲಿ. ಇನ್ನೂರು ಗಂಟೆಗಳಿಗೂ ಹೆಚ್ಚಾಗಿ ಅದರಲ್ಲಿಯೇ ಹಾರಿದ್ದೆ. 2011ರ ಬೇಸಗೆಯಲ್ಲಿ ನಾನು ಕ್ಯಾಲಿಫೋರ್ನಿಯದಲ್ಲಿದ್ದಾಗ ಮೈಸೂರಿನ ಬಾಲ್ಯಸ್ನೇಹಿತರೊಬ್ಬರು ಮಗನ ಮನೆಗೆಂದು ಅಲ್ಲಿಗೆ ಬಂದರು. ಅವರು ಮೂವತ್ತು ವರ್ಷ ಗಣಿತವನ್ನು ಬೋಧಿಸಿ ನಿವೃತ್ತರಾದವರು. ಅವರನ್ನು ಕರೆದುಕೊಂಡು ಅಲ್ಲಿಯ ಸೆಂಟ್ರಲ್ ಕಣಿವೆಯ ಮೇಲೆ ದಕ್ಷಿಣಾಭಿಮುಖವಾಗಿ ಹಾರುವುದೆಂದು ಗೊತ್ತುಮಾಡಿದೆ. ಅಂದು ಸೆಸ್ನಾ ಸಿಕ್ಕಲಿಲ್ಲ. ಹಿಂದಿನ ವಾರವಷ್ಟೆ ಶಿಕ್ಷಕರೊಡನೆ ಮೂರು ಗಂಟೆ ಅಭ್ಯಾಸ ಮಾಡಿದ್ದ ಚೆರೋಕಿ ಸಿಕ್ಕಿತು. ಕುಳಾಯಿಯ ವಿಚಾರವೆಲ್ಲ ನನಗೆ ಬಾಯಿಪಾಠವಾಗಿತ್ತು. ಪರೀಕ್ಷೆಯಲ್ಲಿ ಕೇಳಿದ್ದರೆ ಪೂರ್ಣಾಂಕಗಳನ್ನೇ ಪಡೆಯುತ್ತಿದ್ದೆ.

ತೊಟ್ಟಿಗಳು ಪೂರ್ತಿ ತುಂಬಿರಲಿಲ್ಲ. ಇಬ್ಬರ ಪ್ರಯಾಣಕ್ಕೆ ಸಾಕಾಗಿ ಮಿಗುವಷ್ಟಿತ್ತು. ಎಡತೊಟ್ಟಿಯಿಂದ ಹೊರಟೆವು. ಐದೂವರೆ ಸಾವಿರ ಅಡಿಗಳಲ್ಲಿ ಗಾಳಿ ನಿಶ್ಚಲವಾಗಿತ್ತು. ಕೆಳಗೆ ಬಾದಾಮಿಯ ತೋಟಗಳು ಗಣಿತದ ಪುಸ್ತಕದ ಚೌಕಗಳಂತೆ ಹಬ್ಬಿದ್ದುವು. ಸ್ನೇಹಿತರು ಅವನ್ನು ಎಣಿಸುತ್ತಿದ್ದರು. ನಡುನಡುವೆ ನಾನು ಪೆಟ್ರೋಲಿನ ಮಾಪಕವನ್ನು ನೋಡುತ್ತಿದ್ದೆ. ಮುಳ್ಳು ಅರ್ಧಕ್ಕಿಂತ ಮೇಲಿದ್ದಿತು, ತೃಪ್ತನಾಗುತ್ತಿದ್ದೆ. ನಾನು ನೋಡುತ್ತಿದ್ದುದು ಬಲಗಡೆಯ ಮುಳ್ಳನ್ನು! ಸೆಸ್ನಾದಲ್ಲಿ ಎರಡು ಮುಳ್ಳುಗಳೂ ಹೆಚ್ಚುಕಡಮೆ ಜೊತೆಜೊತೆಯಾಗಿ ಇಳಿಯುವುದರಿಂದ ಒಂದನ್ನು ನೋಡಿದರೆ ಎರಡನ್ನೂ ನೋಡಿದಂತೆ ಎಂದು ಕಣ್ಣು ತಾನಾಗಿ ಕಲಿತುಬಿಟ್ಟಿತ್ತು. ವಿಮಾನವು ಬಲಕ್ಕೆ ಕೊಂಚ ವಾಲುತ್ತಿದ್ದುದನ್ನೂ ಗಮನಿಸಿದೆ. ಸ್ನೇಹಿತರು ಸ್ಥೂಲಕಾಯರು; ಕಾರಣವನ್ನು ಅವರ ಮೇಲೆ ಹೊರಿಸಿ ಸುಮ್ಮನಾದೆ. ಹೀಗೆ ಒಂದೂಮುಕ್ಕಾಲು ಗಂಟೆ ಕಳೆಯಿತು.

ಎಂಜಿನ್ ಎರಡು ಸಲ ಕೆಮ್ಮಿತು. ಆಮೇಲೆ ಶಬ್ದವೇ ಇಲ್ಲ. ಪ್ರೊಪೆಲರು ಗಾಳಿಗೆ ಸುಮ್ಮನೆ ತಿರುಗುತ್ತಿದ್ದಿತು. ಸ್ನೇಹಿತರು ಎಣಿಕೆಯನ್ನು ನಿಲ್ಲಿಸಿ, “ಏನಯ್ಯ, ಇದೇಕೆ ಸುಮ್ಮನಾಯಿತು?” ಎಂದರು. ಕಾರಣವು ನನಗೆ ಆ ಕ್ಷಣವೇ ಹೊಳೆಯಿತು. ಕುಳಾಯಿ ತಿರುಗಿಸಬೇಕೆಂಬುದೂ ಹೊಳೆಯಿತು. ಮೂಗನ್ನು ಸ್ವಲ್ಪ ಇಳಿಸಿ ವೇಗವನ್ನು ಉಳಿಸಿಕೊಂಡು, ಬಲಗೈಯನ್ನು ಕುಳಾಯಿಗೆ ಚಾಚಿದೆ. ಚಾಚಿದ್ದು ಎಲ್ಲಿಗೆ? ಎರಡು ಆಸನಗಳ ನಡುವೆ, ನೆಲಕ್ಕೆ. ಸೆಸ್ನಾದಲ್ಲಿ ಕುಳಾಯಿಯಿರುವುದು ಅಲ್ಲಿ! ಚೆರೋಕಿಯಲ್ಲಿ ಅದಿರುವುದು ಎಡಗಡೆಯ ಗೋಡೆಯಲ್ಲಿ, ಹಾರಾಟಗಾರನ ಎಡಮೊಣಕಾಲಿನ ಬಳಿ. ಆಸನಗಳ ನಡುವೆ ಇರುವುದು ಫ್ಲ್ಯಾಪುಗಳನ್ನು, ಎಂದರೆ ಇಳಿಯುವಾಗ ವೇಗ ತಗ್ಗಿಸಲು ರೆಕ್ಕೆಯ ಹಿಂಭಾಗದಿಂದ ಇಳಿಬಿಡುವ ಹಲಗೆಗಳನ್ನು, ಎಳೆಯುವ ದೊಡ್ಡ ಸನ್ನೆಗೋಲು. ನನ್ನ ಕೈ ಅದನ್ನು ಹಿಡಿಯಿತು. ಹಿಡಿದು ಒಂದು ಹಲ್ಲಿನಷ್ಟು ಎಳೆದೂಬಿಟ್ಟಿತು. ವಿಮಾನವು ಒಮ್ಮೆ ಮೇಲಕ್ಕುಬ್ಬಿ ನಿಧಾನವಾಯಿತು. ಎಂಜಿನ್ನಿಲ್ಲದೆ ಇಳಿಯುವ ವಿಮಾನಕ್ಕೆ ಐದೂವರೆ ಸಾವಿರ ಅಡಿಗಳ ಎತ್ತರವೆಂದರೆ ಕೆಲವು ಮೈಲಿಗಳ ಆಯುಷ್ಯ. ಆ ಆಯುಷ್ಯದಲ್ಲಿ ಒಂದು ಭಾಗವನ್ನು ನಾನು ನನ್ನ ಕೈಯಾರೆ ಚೆಲ್ಲುತ್ತಿದ್ದೆ. ಸನ್ನೆಗೋಲನ್ನು ಬಿಟ್ಟು ಮತ್ತೆ ನೆಲವನ್ನು ತಡಕಾಡಿದೆ. ಇಲ್ಲಿ ಕುಳಾಯಿಯಿಲ್ಲವೆಂದು ಬುದ್ಧಿ ಹೇಳುತ್ತಿತ್ತು; ಇದೆಯೆಂದು ಕೈ ಹುಡುಕುತ್ತಿತ್ತು. ಇದು ಎಷ್ಟು ಹೊತ್ತು ನಡೆಯಿತೆಂದು ಹೇಳಲಾರೆ. ಹತ್ತು ಸೆಕೆಂಡುಗಳಿದ್ದಿರಬಹುದು. ಕಡೆಗೆ ನಾನು ಮಾಡಿದ ಕೆಲಸವೆಂದರೆ ಬಲಗೈಯನ್ನು ತೊಡೆಯ ಮೇಲಿಟ್ಟು, ತಲೆಯನ್ನು ಎಡಕ್ಕೆ ತಿರುಗಿಸಿ, ಕುಳಾಯಿಯನ್ನು ಕಣ್ಣಿನಿಂದ ನೋಡಿದ್ದು. ನೋಡಿದ ಮೇಲೆ ಕೆಲಸ ಸುಲಭವಾಯಿತು. ಬಲತೊಟ್ಟಿಗೆ ತಿರುಗಿಸಿ, ವಿದ್ಯುತ್ ಪಂಪನ್ನು ಹಾಕಿ, ಸನ್ನೆಗೋಲನ್ನು ಇಳಿಸಿದೆ. ಎಂಜಿನ್ ಮತ್ತೊಮ್ಮೆ ಕೆಮ್ಮಿ ಹೊತ್ತಿಕೊಂಡಿತು. ನಾವು ಕಳೆದುಕೊಂಡದ್ದು ಎಂಟುನೂರು ಅಡಿಗಳು.

ಇದರಲ್ಲಿ ವಿಮಾನದ ತಪ್ಪಿಲ್ಲ; ಕಲಿಸಿದವರ ತಪ್ಪೂ ಇಲ್ಲ. ಸೆಸ್ನಾವನ್ನು ನಾನು ಚೆನ್ನಾಗಿ ಕಲಿಯದೆ ಇದ್ದಿದ್ದರೆ ಕೈ ಅಷ್ಟು ನಿಶ್ಚಯವಾಗಿ ನೆಲಕ್ಕೆ ಹೋಗುತ್ತಿರಲಿಲ್ಲ. ಹೊಸಬನಾದರೆ ಕುಳಾಯಿ ಎಲ್ಲಿದೆಯೆಂದು ಹುಡುಕಿ ನೋಡುತ್ತಿದ್ದನು. ಒಳ್ಳೆಯ ಅಭ್ಯಾಸವೇ ಅಂದು ಶತ್ರುವಾಯಿತು. ಆ ದಿನದಿಂದ ನಾನು ಎರಡು ಪದ್ಧತಿಗಳನ್ನಿಟ್ಟುಕೊಂಡಿದ್ದೇನೆ. ಒಂದು ಜಾತಿಯಿಂದ ಮತ್ತೊಂದು ಜಾತಿಗೆ ಬದಲಾಯಿಸುವ ದಿನ, ಎಂಜಿನ್ ಹಚ್ಚುವ ಮುಂಚೆ ಕಾಲು ಗಂಟೆ ಆಸನದಲ್ಲಿ ಸುಮ್ಮನೆ ಕುಳಿತು, ಕಣ್ಣುಮುಚ್ಚಿ, ಕುಳಾಯಿ, ಪಂಪು, ಫ್ಲ್ಯಾಪು, ಬಾಗಿಲಿನ ಅಗುಳಿ, ಇವುಗಳನ್ನು ಒಂದೊಂದಾಗಿ ಕೈಯಿಂದ ಮುಟ್ಟುತ್ತೇನೆ. ಕೈ ತಪ್ಪಿದರೆ ಮೊದಲಿನಿಂದ. ನೋಡಿದವರು ಸಂಧ್ಯಾವಂದನೆಯೆಂದು ನಗುತ್ತಾರೆ. ಎರಡನೆಯದಾಗಿ, ಚೆರೋಕಿಯಲ್ಲಿ ಅಡಿಗೆಮನೆಯ ಗಂಟೆಗಡಿಯಾರವೊಂದನ್ನು ಎದುರಿಗೆ ಅಂಟಿಸಿಕೊಳ್ಳುತ್ತೇನೆ. ಅರ್ಧ ಗಂಟೆಗೊಮ್ಮೆ ಅದು ಕೂಗುತ್ತದೆ. ಕೂಗಿದಾಗ ತೊಟ್ಟಿಯನ್ನು ಬದಲಾಯಿಸುತ್ತೇನೆ. ಸೆಸ್ನಾಕ್ಕೆ ಹಿಂದಿರುಗಿದ ದಿನ ಗಡಿಯಾರವಿಲ್ಲದೆಯೂ ಅರ್ಧ ಗಂಟೆಗೆ ಕೈ ಎಡಮೊಣಕಾಲಿನ ಕಡೆಗೆ ಹೋಗಿ ಬರಿಗೋಡೆಯನ್ನು ಸವರಿ ಬರುವುದುಂಟು. ಅದರಿಂದ ಹಾನಿಯಿಲ್ಲ.

ಸ್ನೇಹಿತರಿಗೆ ಅಂದು ನೆಲಕ್ಕಿಳಿದ ಮೇಲೆ ಎಲ್ಲವನ್ನೂ ಹೇಳಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, “ನಿನ್ನ ಕೈಯಿಂದ ಏನೋ ಬಿದ್ದುಹೋಗಿದೆ, ಅದನ್ನು ಹುಡುಕುತ್ತಿದ್ದೀಯೆ ಎಂದುಕೊಂಡೆ” ಎಂದರು. ಅದರ ಮೇಲೆ ಆ ವಿಷಯವನ್ನು ಎತ್ತಲಿಲ್ಲ. ಮತ್ತೆ ಎರಡು ವರ್ಷಗಳ ಮೇಲೆ ಅವರು ಅಲ್ಲಿಗೆ ಬಂದಾಗ, ಹಾರೋಣವೇ ಎಂದು ಕೇಳುವುದಕ್ಕೆ ನನಗೆ ಸಂಕೋಚವಾಯಿತು. ಅವರೇ ಕೇಳಿದರು. ಆ ಸಲ ಸಿಕ್ಕಿದ್ದು ಸೆಸ್ನಾ. ಒಳಗೆ ಕುಳಿತು, ಪಟ್ಟಿಯನ್ನು ಬಿಗಿದುಕೊಂಡು, ನಾನು ಎಂಜಿನ್ನಿನ ಬೀಗದಕೈಯನ್ನು ತೆಗೆಯುತ್ತಿದ್ದಂತೆಯೇ, ಶಾಲೆಯಲ್ಲಿ ಹುಡುಗರನ್ನು ಕೇಳುತ್ತಿದ್ದ ಅದೇ ಸ್ವರದಿಂದ, “ತಡಿಯಯ್ಯ. ಇದರಲ್ಲಿ ಕುಳಾಯಿ ಎಲ್ಲಿದೆ, ಮುಟ್ಟಿ ತೋರಿಸು” ಎಂದರು. ಮುಟ್ಟಿ ತೋರಿಸಿದೆ. “ಬಾಗಿಲು?” ಎಂದರು. ಅದನ್ನೂ ತೋರಿಸಿದೆ. ಆಮೇಲೆ ಹೊರಟೆವು.